ಸಂಕಟ ಮತ್ತು ವಿಶ್ವಾಸದ ಶೋಧನೆ (ಕ್ರೈಸ್ತ ಧರ್ಮ)

ರೋಗ, ಸಾವು, ಬಡತನ, ಹಿಂಸೆ, ದೇವರ ಮೌನ ಇವುಗಳ ನಡುವೆ ವಿಶ್ವಾಸ ಉಳಿಯುವುದು ಹೇಗೆ, ಉಳಿದರೆ ಪಟ್ಟ ನೋವಿಗೆ ಅರ್ಥವೇನು ಎಂಬ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ರೋಮನ್ ಆಳ್ವಿಕೆ ಗುಲಾಮರನ್ನೂ ಬಂಡುಕೋರರನ್ನೂ ಕೊಲ್ಲಲು ಬಳಸುತ್ತಿದ್ದ ಶಿಲುಬೆಯೇ ಈ ಧರ್ಮದ ಗುರುತು. ಹಾಗಾಗಿ ಈ ಪ್ರಶ್ನೆಯನ್ನು ಬದಿಗಿಟ್ಟು ಅದರ ದೇವತಾಶಾಸ್ತ್ರವನ್ನಾಗಲಿ ಪ್ರಾರ್ಥನೆಯನ್ನಾಗಲಿ ತಿಳಿಯಲಾಗದು. ಇಪ್ಪತ್ತು ಶತಮಾನಗಳಲ್ಲಿ ಬಂದ ಉತ್ತರಗಳು ಹಲವು; ಒಂದಕ್ಕೊಂದು ಹೊಂದದವೂ ಇವೆ. ಆದರೂ ಮುಖ್ಯ ಧಾರೆಯ ನಿಲುವು ಸ್ಪಷ್ಟವಾಗಿದೆ. ನೋವು ತನ್ನಷ್ಟಕ್ಕೆ ಒಳ್ಳೆಯದಲ್ಲ, ಅದನ್ನು ಅರಸಿ ಹೋಗಬೇಕಿಲ್ಲ. ಆದರೆ ನೊಂದವರ ಜೊತೆಗೆ ದೇವರಿದ್ದಾನೆ. ಅವನನ್ನು ಪ್ರಶ್ನಿಸುವುದೂ ಪ್ರಾರ್ಥನೆಯೇ. ಒಬ್ಬರ ನೋವು ಇನ್ನೊಬ್ಬರ ನೋವಿನ ಕಡೆಗೆ ಮನಸ್ಸನ್ನು ತೆರೆದಾಗ ಅದಕ್ಕೊಂದು ಅರ್ಥ ಮೂಡತೊಡಗುತ್ತದೆ.

ಪದಗಳು

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ಅನುಭವವನ್ನು ಹೇಳುವ ಮೂರು ಪದಗಳು ಮುಖ್ಯ. ಮೊದಲನೆಯದು ಪೆಯಿರಾಸ್ಮೊಸ್. ಪರೀಕ್ಷೆ, ಪ್ರಲೋಭನೆ ಎರಡನ್ನೂ ಅದೊಂದೇ ಪದ ಸೂಚಿಸುತ್ತದೆ. ಕನ್ನಡ ಬೈಬಲ್ ಇದಕ್ಕೆ ಬಳಸುವ ಮಾತು ಶೋಧನೆ. ಶೋಧಿಸು ಎಂದರೆ ಹುಡುಕುವುದೂ ಹೌದು, ಸೋಸಿ ಶುದ್ಧಮಾಡುವುದೂ ಹೌದು. ಈ ಎರಡು ಅರ್ಥಗಳೂ ಕ್ರೈಸ್ತ ಚಿಂತನೆಗೆ ಚೆನ್ನಾಗಿ ಒಪ್ಪುತ್ತವೆ. ಎರಡನೆಯ ಪದ ಥ್ಲಿಪ್ಸಿಸ್. ಅದರ ಮೂಲಾರ್ಥ ಒತ್ತುವುದು, ಹಿಂಡುವುದು. ಕನ್ನಡದ ‘ಇಕ್ಕಟ್ಟು’ ಇದಕ್ಕೆ ಬಹಳ ಹತ್ತಿರ: ಜಾಗವಿಲ್ಲದಿರುವುದೂ ದಾರಿ ಕಾಣದಿರುವುದೂ ಅದರಲ್ಲಿ ಸೇರಿವೆ. ಮೂರನೆಯದಾದ ದೊಕಿಮಿಯೊನ್ ಲೋಹ ಪರೀಕ್ಷಿಸುವವರ ಮಾತು. ಪೇತ್ರನ ಮೊದಲ ಪತ್ರ ವಿಶ್ವಾಸವನ್ನು ಬೆಂಕಿಯಲ್ಲಿ ಪರೀಕ್ಷೆಗೊಳಗಾಗುವ ಚಿನ್ನಕ್ಕೆ ಹೋಲಿಸುವಾಗ ಈ ಪದ ಬರುತ್ತದೆ. ಪುಟಕ್ಕಿಟ್ಟ ಚಿನ್ನ ಎಂಬ ನುಡಿಗಟ್ಟು ಬಲ್ಲ ಕನ್ನಡಿಗರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಸಾಕ್ಷಿ ಎಂಬರ್ಥದ ಮಾರ್ತುಸ್ ಎಂಬ ಗ್ರೀಕ್ ಪದವೂ ಗಮನಾರ್ಹ. ವಿಶ್ವಾಸಕ್ಕಾಗಿ ಪ್ರಾಣ ತೆತ್ತವರಿಗೆ ಆ ಪದವೇ ಹೆಸರಾಯಿತು. ಕನ್ನಡದ ‘ರಕ್ತಸಾಕ್ಷಿ’ ಆ ಮೂಲಾರ್ಥವನ್ನು ಹಾಗೆಯೇ ಉಳಿಸಿಕೊಂಡಿದೆ.

ಹಳೆಯ ಒಡಂಬಡಿಕೆಯ ಹಿನ್ನೆಲೆ

ಕ್ರೈಸ್ತರು ಯೆಹೂದ್ಯರ ಧರ್ಮಗ್ರಂಥಗಳನ್ನು ತಮ್ಮ ಹಳೆಯ ಒಡಂಬಡಿಕೆಯಾಗಿ ಸ್ವೀಕರಿಸಿದಾಗ ಸಂಕಟದ ಬಗ್ಗೆ ಒಂದಲ್ಲ, ಹಲವು ದನಿಗಳು ಅವರಿಗೆ ಬಂದವು. ಧರ್ಮೋಪದೇಶಕಾಂಡ, ಜ್ಞಾನೋಕ್ತಿಗಳಂಥ ಗ್ರಂಥಗಳಲ್ಲಿ ಒಳ್ಳೆಯವರಿಗೆ ಒಳಿತು, ಕೆಟ್ಟವರಿಗೆ ಕೇಡು ಎಂಬ ಲೆಕ್ಕ ಬಲವಾಗಿ ಕೇಳಿಸುತ್ತದೆ. ಯೋಬನ ಗ್ರಂಥ ಆ ಲೆಕ್ಕವನ್ನು ಮುರಿಯುತ್ತದೆ. 42 ಅಧ್ಯಾಯಗಳ ಈ ಕೃತಿಯ ಆದಿ ಅಂತ್ಯಗಳು ಗದ್ಯದಲ್ಲಿವೆ, ನಡುವಿನದು ಕಾವ್ಯ. ಸಂಪತ್ತು, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನನ್ನು ಕಾಣಲು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಏಳು ದಿನ ಮಾತಿಲ್ಲದೆ ಪಕ್ಕದಲ್ಲಿ ಕೂರುತ್ತಾರೆ. ಆಮೇಲೆ ಬಾಯಿ ತೆರೆದು, ಪಾಪ ಮಾಡದೆ ಇಂಥ ಗತಿ ಬರುವುದುಂಟೇ ಎಂದು ವಾದಿಸುತ್ತಾರೆ. ಯೋಬ ಒಪ್ಪುವುದಿಲ್ಲ, ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರನ್ನೇ ವಿಚಾರಣೆಗೆ ಕರೆಯುತ್ತಾನೆ. ಕೊನೆಗೆ ಬಿರುಗಾಳಿಯೊಳಗಿಂದ ಮಾತಾಡುವ ದೇವರು ಸಂಕಟಕ್ಕೆ ಕಾರಣ ಹೇಳುವುದೇ ಇಲ್ಲ. ಆದರೆ ತನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬ, ಗೆಳೆಯರಲ್ಲ ಎಂದು ತೀರ್ಪು ಕೊಡುತ್ತಾನೆ. ದೇವರ ಪರ ವಹಿಸಿ ನೊಂದವನನ್ನು ನೋಯಿಸಿದವರು ತಪ್ಪಿತಸ್ಥರಾದರು, ದೇವರೊಡನೆ ಜಗಳವಾಡಿದವನು ಸರಿಯೆನಿಸಿದ. ಮುಂದಿನ ಕ್ರೈಸ್ತ ಚಿಂತನೆಯ ಮೇಲೆ ಈ ತೀರ್ಪಿನ ಪ್ರಭಾವ ಆಳವಾದುದು. ಆರನೆಯ ಶತಮಾನದ ಪೋಪ್ ಮಹಾ ಗ್ರೆಗೊರಿ ಯೋಬನ ಮೇಲೆ ಬರೆದ ವಿಸ್ತಾರವಾದ ವ್ಯಾಖ್ಯಾನ ಮಧ್ಯಯುಗದ ಮಠಗಳಲ್ಲಿ ಶತಮಾನಗಳ ಕಾಲ ಓದಿಸಿಕೊಂಡಿತು.

150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳು. ಬಹುತೇಕ ಪ್ರಲಾಪಗಳು ದೂರಿನಿಂದ ಹೊರಟು ಭರವಸೆಯಲ್ಲಿ ನಿಲ್ಲುತ್ತವೆ. 88ನೆಯ ಕೀರ್ತನೆ ಮಾತ್ರ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನಾ ಪುಸ್ತಕದಿಂದ ಕೈಬಿಡದೆ ಉಳಿಸಿಕೊಂಡಿರುವುದೇ ಒಂದು ಬೋಧನೆ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಸುಟ್ಟ ಮೇಲೆ ಹುಟ್ಟಿದ ಪ್ರಲಾಪಗಳ ಗ್ರಂಥ, ತನ್ನದಲ್ಲದ ತಪ್ಪಿನ ಭಾರ ಹೊರುವ ಸೇವಕನನ್ನು ಚಿತ್ರಿಸುವ ಯೆಶಾಯನ 53ನೆಯ ಅಧ್ಯಾಯ, ಮಗನನ್ನು ಬಲಿಕೊಡಲು ಮೊರೀಯ ಬೆಟ್ಟ ಹತ್ತಿದ ಅಬ್ರಹಾಮನ ಕಥೆ ಇವೂ ಕ್ರೈಸ್ತರು ಮತ್ತೆ ಮತ್ತೆ ಮರಳಿದ ಭಾಗಗಳು. ಅಬ್ರಹಾಮನ ಆ ಮೂರು ದಿನಗಳ ನಡಿಗೆಯನ್ನೇ ಹಿಡಿದು ಡೆನ್ಮಾರ್ಕಿನ ಸೋರೆನ್ ಕೀರ್ಕೆಗಾರ್ಡ್ 1843ರಲ್ಲಿ ‘ಭಯ ಮತ್ತು ಕಂಪನ’ ಎಂಬ ಪುಸ್ತಕ ಬರೆದ.

ಯೇಸು ಮತ್ತು ಆದಿ ಬೋಧನೆ

ಸಂಕಟವೆಲ್ಲ ಪಾಪದ ಫಲ ಎಂಬ ಎಣಿಕೆಯನ್ನು ಯೇಸು ಎರಡು ಕಡೆ ನೇರವಾಗಿ ತಳ್ಳಿಹಾಕುತ್ತಾನೆ. ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನ ವಿಷಯದಲ್ಲಿ ತಪ್ಪು ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎನ್ನುತ್ತಾನೆ. ಲೂಕನ 13ನೆಯ ಅಧ್ಯಾಯದಲ್ಲಿ ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಜನ ಉಳಿದವರಿಗಿಂತ ಕೆಟ್ಟವರೇನಲ್ಲ ಎಂದು ಹೇಳುತ್ತಾನೆ. ಅವನ ಕಾರ್ಯದಲ್ಲಿ ರೋಗಿಗಳನ್ನು ಗುಣಪಡಿಸುವುದಕ್ಕೆ ದೊಡ್ಡ ಪಾಲಿದೆ. ನೋವನ್ನು ಅವನು ನಿವಾರಿಸಬೇಕಾದ ಕೇಡೆಂದೇ ಕಂಡನು.

ಆದರೆ ತನ್ನ ಸರದಿ ಬಂದಾಗ ಅವನು ತಪ್ಪಿಸಿಕೊಳ್ಳಲಿಲ್ಲ. ಗೆತ್ಸೆಮನೆ ತೋಟದಲ್ಲಿ ಈ ಪಾತ್ರೆ ತನ್ನಿಂದ ದೂರವಾಗಲಿ ಎಂದು ಬೇಡಿ, ಆಮೇಲೆ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿದನು. ಶಿಲುಬೆಯ ಮೇಲೆ, ದೇವರು ತನ್ನನ್ನು ಏಕೆ ತೊರೆದನೆಂದು 22ನೆಯ ಕೀರ್ತನೆಯ ಮಾತಿನಲ್ಲಿ ಕೂಗಿದನು. ದೇವರ ಮಗನೆಂದು ಕ್ರೈಸ್ತರು ನಂಬುವವನ ಬಾಯಲ್ಲೇ ಆ ಪ್ರಶ್ನೆ ಬಂದುದರಿಂದ, ಅದೇ ಪ್ರಶ್ನೆ ಕೇಳುವ ಯಾವ ವಿಶ್ವಾಸಿಯನ್ನೂ ಅವಿಶ್ವಾಸಿಯೆನ್ನಲು ಬರುವುದಿಲ್ಲ. ಮೂರನೆಯ ದಿನದ ಪುನರುತ್ಥಾನ ಆ ಕೂಗನ್ನು ಅಳಿಸಿಹಾಕುವುದಿಲ್ಲ: ಎದ್ದುಬಂದ ಯೇಸುವಿನ ದೇಹದಲ್ಲಿ ಗಾಯಗಳು ಹಾಗೆಯೇ ಇದ್ದವು, ತೋಮನಿಗೆ ಅವನು ತೋರಿಸಿದ್ದು ಅವುಗಳನ್ನೇ.

ಪ್ರೇಷಿತ ಪೌಲ ತಾನು ಪಟ್ಟ ಪಾಡಿನ ಪಟ್ಟಿಯನ್ನೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಕೊಡುತ್ತಾನೆ: ಐದು ಸಲ ತಲಾ 39 ಏಟು, ಮೂರು ಸಲ ಬೆತ್ತದ ಹೊಡೆತ, ಒಮ್ಮೆ ಕಲ್ಲೇಟು, ಮೂರು ಸಲ ಹಡಗೊಡೆದ ಅಪಾಯ. ದೇಹಕ್ಕೆ ನಾಟಿದ ಮುಳ್ಳೊಂದನ್ನು ತೆಗೆಯಬೇಕೆಂದು ಮೂರು ಬಾರಿ ಬೇಡಿದರೂ ಅದು ಹೋಗಲಿಲ್ಲ. ದೇವರ ಕೃಪೆ ಸಾಕು ಎಂಬ ಉತ್ತರ ಮಾತ್ರ ದೊರೆಯಿತು. ರೋಮನರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಇಕ್ಕಟ್ಟಿನಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಗೆ ನಿಂತ ಗುಣ, ಅದರಿಂದ ನಿರೀಕ್ಷೆ ಎಂದು ಅವನು ಸರಪಣಿ ಹೆಣೆಯುತ್ತಾನೆ. ಯಕೋಬನ ಪತ್ರವೂ ಇದೇ ಜಾಡಿನಲ್ಲಿ ಸಾಗಿ ಒಂದು ಎಚ್ಚರಿಕೆ ಕೊಡುತ್ತದೆ: ಮನುಷ್ಯನನ್ನು ಕೆಡುಕಿನ ಕಡೆಗೆ ಸೆಳೆಯುವವನು ದೇವರೆಂದು ಯಾರೂ ಹೇಳಬಾರದು.

ರಕ್ತಸಾಕ್ಷಿಗಳ ಕಾಲ

ಮೊದಲ ಮೂರು ಶತಮಾನಗಳಲ್ಲಿ ಶೋಧನೆ ಎಂದರೆ ಮುಖ್ಯವಾಗಿ ರೋಮನ್ ನ್ಯಾಯಾಸನದ ಮುಂದೆ ನಿಲ್ಲುವುದು. ಕಾರ್ಥೇಜಿನಲ್ಲಿ 203ರಲ್ಲಿ ಕೊಲ್ಲಲ್ಪಟ್ಟ ಪೆರ್ಪೆತುವಾ ಸೆರೆಮನೆಯಲ್ಲಿ ಬರೆದಿಟ್ಟ ದಿನಚರಿ ಉಳಿದುಬಂದಿದೆ. ಆದಿ ಕ್ರೈಸ್ತ ಮಹಿಳೆಯೊಬ್ಬಳು ಸ್ವತಃ ಬರೆದುದೆನ್ನಲಾದ ಅಪರೂಪದ ದಾಖಲೆ ಅದು. ಮೊಲೆಹಾಲು ಕುಡಿಯುವ ಕೂಸಿನ ಚಿಂತೆ, ಮನಸ್ಸು ಬದಲಿಸಿಕೋ ಎಂದು ಅಂಗಲಾಚುವ ಮುದಿ ತಂದೆಯ ಕಣ್ಣೀರು, ಕಂಡ ಕನಸುಗಳು ಎಲ್ಲವೂ ಅದರಲ್ಲಿವೆ. ಅವಳೊಡನೆ ಸತ್ತ ಫೆಲಿಸಿತಾ ಗುಲಾಮ ಹೆಣ್ಣು, ಸೆರೆಯಲ್ಲೇ ಹೆತ್ತವಳು.

ಎಲ್ಲರೂ ಹಾಗೆ ನಿಲ್ಲಲಿಲ್ಲ. 250ರ ಸುಮಾರಿಗೆ ಚಕ್ರವರ್ತಿ ಡೆಸಿಯಸ್ ಎಲ್ಲ ಪ್ರಜೆಗಳೂ ರೋಮನ್ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದಾಗ ಬಹಳ ಮಂದಿ ಮಣಿದರು; ಕೆಲವರು ಹಣ ಕೊಟ್ಟು ಪತ್ರ ಕೊಂಡರು. ಹೀಗೆ ಬಿದ್ದವರನ್ನು ಸಭೆಗೆ ಮತ್ತೆ ಸೇರಿಸಿಕೊಳ್ಳಬಹುದೇ ಎಂಬುದು ದೊಡ್ಡ ಜಗಳವಾಯಿತು. ಕಾರ್ಥೇಜಿನ ಬಿಷಪ್ ಸಿಪ್ರಿಯಾನ ಆ ಹೊತ್ತಿನಲ್ಲಿ ಅಡಗಿಕೊಂಡಿದ್ದವನು. ಪಶ್ಚಾತ್ತಾಪಪಟ್ಟವರಿಗೆ ಪ್ರಾಯಶ್ಚಿತ್ತದ ನಂತರ ದಾರಿ ಇದೆ ಎಂದು ಅವನು ವಾದಿಸಿದ. ಅದೇ ಕಾಲದಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ಹಿಂಸಿಸಿದವರನ್ನೂ ಸೇರಿಸಿ ಆರೈಕೆ ಮಾಡಲು ತನ್ನ ಜನರನ್ನು ಪ್ರೇರೇಪಿಸಿದ. 258ರಲ್ಲಿ ವಧಕಾರನ ಕತ್ತಿಗೆ ತಾನೇ ಕೊರಳೊಡ್ಡಿದ. ಪರೀಕ್ಷೆಯಲ್ಲಿ ಸೋತವರಿಗೂ ಬಾಗಿಲು ತೆರೆದಿರಬೇಕೆಂಬ ತತ್ತ್ವ ಈ ವಿವಾದದಿಂದ ಗಟ್ಟಿಯಾಯಿತು. ರಕ್ತಸಾಕ್ಷಿಗಳ ನೆನಪಂತೂ ಕಾಲಗಣನೆಯನ್ನೇ ತಿದ್ದಿತು: ಈಜಿಪ್ಟಿನ ಕಾಪ್ಟಿಕ್ ಧರ್ಮಸಭೆ, ಘೋರ ಹಿಂಸೆ ನಡೆಸಿದ ಡಯೊಕ್ಲೀಷಿಯನ್ ಪಟ್ಟಕ್ಕೆ ಬಂದ 284ರಿಂದ ವರ್ಷಗಳನ್ನು ಎಣಿಸಿ ಅದನ್ನು ರಕ್ತಸಾಕ್ಷಿಗಳ ಶಕ ಎಂದು ಕರೆಯುತ್ತದೆ.

ತಾತ್ತ್ವಿಕ ವಿವೇಚನೆ

ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಕೇಡು ಏಕಿದೆ ಎಂಬ ಪ್ರಶ್ನೆಗೆ ಎರಡು ಹಳೆಯ ಉತ್ತರಗಳಿವೆ. ಎರಡನೆಯ ಶತಮಾನದ ಐರೇನಿಯಸ್ ಮನುಷ್ಯನನ್ನು ಇನ್ನೂ ಬೆಳೆಯಬೇಕಾದ ಮಗುವಿನಂತೆ ಕಂಡ. ಒಳಿತು ಕೆಡುಕುಗಳ ಅನುಭವದಲ್ಲಿ ಅವನು ಪಕ್ವನಾಗುತ್ತಾನೆ. ಉತ್ತರ ಆಫ್ರಿಕದ ಅಗಸ್ಟೀನನಿಗೆ ಕೇಡು ಸ್ವತಂತ್ರ ವಸ್ತುವಲ್ಲ, ಒಳಿತಿನ ಕೊರತೆ. ಮನುಷ್ಯನ ಸ್ವೇಚ್ಛೆ ದಾರಿತಪ್ಪಿದ್ದರಿಂದ ಅದು ಬಂತು. 410ರಲ್ಲಿ ಗೋಥರು ರೋಮನ್ನು ಕೊಳ್ಳೆಹೊಡೆದಾಗ ಹಳೆಯ ದೇವತೆಗಳನ್ನು ಬಿಟ್ಟದ್ದೇ ಇದಕ್ಕೆ ಕಾರಣವೆಂಬ ಆಪಾದನೆ ಎದ್ದಿತು. ಅದಕ್ಕೆ ಉತ್ತರವಾಗಿ ಬರೆದ ‘ದೇವನಗರ’ದಲ್ಲಿ ಅಗಸ್ಟೀನ ಒಂದು ಮುಖ್ಯ ಮಾತು ಹೇಳಿದ: ಒಂದೇ ಕಷ್ಟ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಬರುತ್ತದೆ, ಬರುವ ಕಷ್ಟದಲ್ಲಿ ಭೇದವಿಲ್ಲ, ಅದನ್ನು ಹೊರುವ ರೀತಿಯಲ್ಲಿ ಭೇದವಿದೆ.

1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಲಿಸ್ಬನ್ ನಗರವನ್ನು ಭೂಕಂಪ ಕೆಡವಿತು. ಚರ್ಚುಗಳಲ್ಲಿ ಪ್ರಾರ್ಥಿಸುತ್ತಿದ್ದವರೇ ಅನೇಕರು ಸತ್ತರು. ಇರುವ ಲೋಕವೇ ಸಾಧ್ಯವಿರುವವುಗಳಲ್ಲಿ ಉತ್ತಮ ಎಂದು 1710ರಲ್ಲಿ ತತ್ತ್ವಜ್ಞಾನಿ ಲೈಬ್ನಿಜ್ ಮಂಡಿಸಿದ್ದ ವಾದ ಅದರ ನಂತರ ಹಳೆಯ ಭರವಸೆಯಿಂದ ನಿಲ್ಲಲಾಗಲಿಲ್ಲ. 1966ರಲ್ಲಿ ತತ್ತ್ವಜ್ಞಾನಿ ಜಾನ್ ಹಿಕ್ ಐರೇನಿಯಸನ ಹಾದಿಯನ್ನು ಮತ್ತೆ ಹಿಡಿದು, ಲೋಕ ಆತ್ಮ ರೂಪುಗೊಳ್ಳುವ ತಾಣ ಎಂದು ವಾದಿಸಿದರು. ಹಸುಗೂಸಿನ ಸಾವು, ಸಾಮೂಹಿಕ ಕೊಲೆ ಯಾವ ಆತ್ಮವನ್ನು ರೂಪಿಸುತ್ತವೆ ಎಂಬ ಆಕ್ಷೇಪಕ್ಕೆ ಈ ವಾದದಲ್ಲಿ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ಒಳಗಿನ ಕತ್ತಲೆ

ಹೊರಗಿನ ಹಿಂಸೆಗಿಂತ ಬೇರೆಯಾದ ಒಂದು ಶೋಧನೆಯೂ ಇದೆ: ಪ್ರಾರ್ಥಿಸಿದರೆ ಮಾರ್ದನಿಯಿಲ್ಲ, ದೇವರು ಇಲ್ಲವೇನೋ ಎನ್ನಿಸುವಂಥ ಬರಡು. ಸ್ಪೇನಿನ ಸಂತ ಶಿಲುಬೆಯ ಯೊವಾನ್ನ 1577ರ ಡಿಸೆಂಬರಿನಿಂದ 1578ರ ಆಗಸ್ಟಿನವರೆಗೆ ತೊಲೇದೊ ನಗರದಲ್ಲಿ ಸೆರೆಯಲ್ಲಿದ್ದ. ಸೆರೆ ಹಾಕಿದವರು ತಮ್ಮ ಸಂಘದ ಸುಧಾರಣೆಯನ್ನು ವಿರೋಧಿಸಿದ ಅವನ ಕಾರ್ಮೆಲ್ ಸಂಘದವರೇ. ಆ ಕತ್ತಲ ಕೋಣೆಯಲ್ಲಿ ಅವನು ಕವಿತೆಗಳನ್ನು ಕಟ್ಟಿದ. ಆತ್ಮದ ಕತ್ತಲಿರುಳು ಎಂಬ ಅವನ ಕಲ್ಪನೆಯಲ್ಲಿ, ದೇವರು ಕೊಡುವ ಸಿಹಿ ಅನುಭವಗಳಿಗೆ ಅಂಟಿಕೊಂಡ ಮನಸ್ಸನ್ನು ಅವುಗಳಿಂದ ಬಿಡಿಸಿ ದೇವರನ್ನೇ ಪ್ರೀತಿಸಲು ಕಲಿಸುವುದು ಆ ಇರುಳಿನ ಕೆಲಸ. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡು ಮಲಗಿದ್ದಾಗ ಮನಸ್ಸಿನ ಏರಿಳಿತಗಳನ್ನು ಗಮನಿಸತೊಡಗಿದ ಇಗ್ನೇಷಿಯಸ್ ಲೊಯೋಲಾ ಮುಂದೆ ‘ಆಧ್ಯಾತ್ಮಿಕ ಸಾಧನೆ’ಗಳಲ್ಲಿ ನಿಯಮವೊಂದನ್ನು ಕೊಟ್ಟ: ಬರಡಿನ ಹೊತ್ತಿನಲ್ಲಿ, ಬೆಳಕಿದ್ದಾಗ ಮಾಡಿದ ನಿರ್ಧಾರಗಳನ್ನು ಬದಲಿಸಬಾರದು.

ಮಾರ್ಟಿನ್ ಲೂಥರ್ ತನ್ನ ಒಳಗುದಿಯನ್ನು ಜರ್ಮನ್ ಭಾಷೆಯಲ್ಲಿ ಆನ್‌ಫೆಖ್ಟುಂಗ್, ಅಂದರೆ ಮೇಲೆರಗಿ ಬರುವ ದಾಳಿ, ಎಂದು ಕರೆದ. 1518ರ ಹೈಡೆಲ್‌ಬರ್ಗ್ ವಾದದಲ್ಲಿ ದೇವರನ್ನು ವೈಭವದಲ್ಲಲ್ಲ, ಶಿಲುಬೆಯ ದುರ್ಬಲತೆಯಲ್ಲಿ ಕಾಣಬೇಕೆಂದು ಸಾಧಿಸಿದ. 24ನೆಯ ವಯಸ್ಸಿನಲ್ಲಿ ಕ್ಷಯದಿಂದ 1897ರಲ್ಲಿ ತೀರಿಕೊಂಡ ಲಿಸ್ಯುವಿನ ತೆರೇಸಾ ಕೊನೆಯ ಒಂದೂವರೆ ವರ್ಷ ಸ್ವರ್ಗವಿದೆಯೆಂಬ ನಂಬಿಕೆಯೇ ಮಸುಕಾದ ಸ್ಥಿತಿಯಲ್ಲಿ ಬದುಕಿದರು. ಕೋಲ್ಕತ್ತದ ಮದರ್ ತೆರೇಸಾ ದಶಕಗಳ ಕಾಲ ಇಂಥದೇ ಕತ್ತಲೆಯಲ್ಲಿದ್ದರೆಂಬುದು 2007ರಲ್ಲಿ ಅವರ ಪತ್ರಗಳು ಅಚ್ಚಾದಾಗ ಲೋಕಕ್ಕೆ ತಿಳಿಯಿತು. ಆ ಪತ್ರಗಳನ್ನು ಓದಿ ಕೆಲವರಿಗೆ ಆಘಾತವಾಯಿತು. ಪ್ರಾರ್ಥನೆಯ ಸುಖವಿಲ್ಲದೆಯೂ ದಿನವೂ ರೋಗಿಗಳ ಬಳಿಗೆ ಹೋಗುತ್ತಿದ್ದ ಅವರ ನಿಷ್ಠೆ, ತಮ್ಮದೇ ಬರಡಿನಲ್ಲಿದ್ದ ಎಷ್ಟೋ ಜನರಿಗೆ ಆಸರೆಯೂ ಆಯಿತು.

ಇಪ್ಪತ್ತನೆಯ ಶತಮಾನ

ದೇವರಿಗೆ ನೋವು ತಾಗದು ಎಂಬ ಪ್ರಾಚೀನ ನಿಲುವನ್ನು ಎರಡು ಮಹಾಯುದ್ಧಗಳ ಕಾಲ ಅಲುಗಿಸಿತು. ಹಿಟ್ಲರನನ್ನು ವಿರೋಧಿಸಿ 1943ರಲ್ಲಿ ಬಂಧಿತರಾದ ಲೂಥರನ್ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್, ಮನುಷ್ಯನಿಗೆ ನೆರವಾಗಬಲ್ಲವನು ತಾನೂ ನೋಯುವ ದೇವರು ಮಾತ್ರ ಎಂಬರ್ಥದ ಮಾತನ್ನು ಸೆರೆಮನೆಯಿಂದ ಬರೆದರು; 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಸೋತು ಸುಟ್ಟುಹೋದ ಜಪಾನಿನಲ್ಲಿ ಕಜೋ ಕಿತಾಮೊರಿ 1946ರಲ್ಲಿ ದೇವರ ನೋವನ್ನೇ ದೇವತಾಶಾಸ್ತ್ರದ ತಿರುಳಾಗಿ ಮಂಡಿಸಿದರು. ಹದಿಹರೆಯದಲ್ಲಿ ಹ್ಯಾಂಬರ್ಗಿನ ಬಾಂಬ್ ದಾಳಿಯಲ್ಲಿ ಪಕ್ಕದಲ್ಲೇ ಗೆಳೆಯನನ್ನು ಕಳೆದುಕೊಂಡು, ಯುದ್ಧಕೈದಿಯಾಗಿ ಬೈಬಲ್ ಓದತೊಡಗಿದ ಯೂರ್ಗೆನ್ ಮೋಲ್ಟ್‌ಮನ್ 1972ರಲ್ಲಿ ‘ಶಿಲುಬೆಗೇರಿದ ದೇವರು’ ಕೃತಿ ಹೊರತಂದರು. ಶುಸಾಕು ಎಂದೊ ಅವರ 1966ರ ಕಾದಂಬರಿ ‘ಮೌನ’ 17ನೆಯ ಶತಮಾನದ ಜಪಾನಿನಲ್ಲಿ ಕ್ರಿಸ್ತನ ಚಿತ್ರವನ್ನು ತುಳಿಯಬೇಕಾಗಿ ಬಂದವರ ಕಥೆ. ಸೋತವನ ಜೊತೆಗೂ ಕ್ರಿಸ್ತನಿದ್ದಾನೆಯೇ ಎಂಬ ಸಿಪ್ರಿಯಾನನ ಕಾಲದ ಪ್ರಶ್ನೆಯನ್ನೇ ಅದು ಹೊಸದಾಗಿ ಕೇಳುತ್ತದೆ. 1961ರಲ್ಲಿ ಸಿ. ಎಸ್. ಲೂಯಿಸ್ ಹೆಂಡತಿಯ ಸಾವಿನ ನಂತರದ ದುಃಖವನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದರು. 21 ವರ್ಷಗಳ ಹಿಂದೆ ನೋವಿನ ಸಮಸ್ಯೆಯ ಕುರಿತು ಅಚ್ಚುಕಟ್ಟಾದ ಪುಸ್ತಕ ಬರೆದಿದ್ದವರೂ ಅವರೇ. ಪೋಪ್ ಎರಡನೆಯ ಜಾನ್ ಪಾಲ್, 1981ರಲ್ಲಿ ಗುಂಡೇಟು ತಿಂದು ಬದುಕುಳಿದವರು, 1984ರ ಫೆಬ್ರವರಿ 11ರ ‘ಸಾಲ್ವಿಫಿಚಿ ದೊಲೋರಿಸ್’ ಪತ್ರದಲ್ಲಿ ಮನುಷ್ಯನ ನೋವಿನ ಅರ್ಥವನ್ನು ವಿವರಿಸಿ, ಕೊನೆಗೆ ನೊಂದವನನ್ನು ಕಂಡು ನಿಂತ ಒಳ್ಳೆಯ ಸಮಾರಿಯದವನ ಸಾಮತಿಗೆ ಬಂದು ನಿಂತರು.

ಭಾರತ ಮತ್ತು ಕರ್ನಾಟಕ

ತಿರುವಾಂಕೂರಿನ ಅರಮನೆಯ ಅಧಿಕಾರಿ ನೀಲಕಂಠ ಪಿಳ್ಳೆ ಕುಟುಂಬದ ಕಷ್ಟನಷ್ಟಗಳಿಂದ ಕುಗ್ಗಿದ್ದಾಗ ಡಚ್ ಸೇನಾಧಿಕಾರಿ ಡಿ ಲನೊಯ್ ಅವರಿಗೆ ಯೋಬನ ಕಥೆ ಹೇಳಿದನೆಂದು ಪರಂಪರೆ ನೆನೆಯುತ್ತದೆ. 1745ರಲ್ಲಿ ದೀಕ್ಷಾಸ್ನಾನ ಪಡೆದು ದೇವಸಹಾಯಂ ಆದ ಅವರು ಸೆರೆ, ಚಿತ್ರಹಿಂಸೆಗಳ ನಂತರ 1752ರಲ್ಲಿ ಗುಂಡಿಗೆ ಬಲಿಯಾದರು. 2022ರ ಮೇ 15ರಂದು ಸಂತರೆಂದು ಘೋಷಿತರಾದ ಅವರು ಸಂತಪದವಿ ಪಡೆದ ಮೊದಲ ಭಾರತೀಯ ಗೃಹಸ್ಥ.

ಕರಾವಳಿಯ ಕೊಂಕಣಿ ಕಥೋಲಿಕರ ಸಾಮೂಹಿಕ ನೆನಪಿನಲ್ಲಿ ಶ್ರೀರಂಗಪಟ್ಟಣದ ಸೆರೆ ಎದ್ದು ನಿಲ್ಲುತ್ತದೆ. ಎರಡನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಟಿಪ್ಪು ಸುಲ್ತಾನ 1784ರ ಫೆಬ್ರವರಿಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಅವರನ್ನು ಹಿಡಿಸಿ ಘಟ್ಟ ಹತ್ತಿಸಿ ಒಯ್ದನು. ಒಯ್ಯಲಾದವರ ಲೆಕ್ಕ ಹತ್ತಾರು ಸಾವಿರಗಳಲ್ಲಿದ್ದರೂ ಇತಿಹಾಸಕಾರರ ಅಂದಾಜುಗಳು ಒಂದಕ್ಕೊಂದು ಹೊಂದುವುದಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಉಳಿದವರಲ್ಲಿ ಅನೇಕರು 1799ರಲ್ಲಿ ಟಿಪ್ಪು ಮಡಿದ ಮೇಲೆ ಊರಿಗೆ ಮರಳಿ ಕೆಡವಲ್ಪಟ್ಟ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಗೆತ್ಸೆಮನೆಯಲ್ಲಿ ಯೇಸು ಪಟ್ಟ ಸಂಕಟವನ್ನು ಹಾಡುವ ಕೊಂಕಣಿ ಕೀರ್ತನೆಯೊಂದನ್ನು ಗೋವೆಯ ಪಾದ್ರಿ ಜೋಕಿಂ ಮಿರಾಂದಾ ಆ ಸೆರೆಯ ಕಾಲದಲ್ಲಿ ರಚಿಸಿದರೆಂಬ ಪ್ರತೀತಿಯಿದೆ.

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಹದಿಹರೆಯದಲ್ಲೇ ಬರಗಾಲಕ್ಕೆ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡು ಅಣ್ಣನ ಜೊತೆ ದೇಶವೆಲ್ಲ ಕಾಲ್ನಡಿಗೆಯಲ್ಲಿ ಅಲೆದರು. ಅಣ್ಣ ತೀರಿಕೊಂಡ, 1882ರಲ್ಲಿ ಗಂಡನೂ ಹೋದ. ಮರುವರ್ಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಅವರು ತಾವು ಕಂಡ ಹಸಿವನ್ನು ಮರೆಯಲಿಲ್ಲ. 1890ರ ದಶಕದ ಬರಗಾಲದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಬಳಿಯ ಕೇಡಗಾಂವಿನ ಮುಕ್ತಿ ಸದನದಲ್ಲಿ ಸಾಕಿದರು. ಗುಲ್ಬರ್ಗದಲ್ಲಿ ಅವರು ಆರಂಭಿಸಿದ ಶಾಲೆಯನ್ನು ಮಗಳು ಮನೋರಮಾ ನಡೆಸಿದರು. ಆ ಮಗಳೂ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಬೈಬಲನ್ನು ಮೂಲದಿಂದ ಮರಾಠಿಗೆ ತರುವ ಕೆಲಸವನ್ನು ಮುಗಿಸಿ 1922ರಲ್ಲಿ ರಮಾಬಾಯಿ ಕಣ್ಮುಚ್ಚಿದರು.

ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಶುರುಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣ ದಲಿತ ದೇವತಾಶಾಸ್ತ್ರಕ್ಕೆ ನಾಂದಿಯಾಯಿತು. ಜಾತಿಯ ನೋವು ಮಾಗಿಸುವ ಶೋಧನೆಯಲ್ಲ, ಕೊನೆಗಾಣಿಸಬೇಕಾದ ಅನ್ಯಾಯ. ಆ ನೋವಿನೊಳಗೆ ಕ್ರಿಸ್ತ ದಲಿತರ ಪಕ್ಕದಲ್ಲಿದ್ದಾನೆ ಎಂಬುದು ಅದರ ತಿರುಳು.

ಆಚರಣೆಗಳು

ಈಸ್ಟರಿಗೆ ಮುಂಚಿನ 40 ದಿನಗಳ ತಪಸ್ಸು ಕಾಲದಲ್ಲಿ ಉಪವಾಸ, ಪ್ರಾರ್ಥನೆ, ದಾನಗಳ ಜೊತೆಗೆ ಕಥೋಲಿಕರು ಶಿಲುಬೆ ಹಾದಿ ನಡೆಯುತ್ತಾರೆ. ಅದರ 14 ಸ್ಥಳಗಳು 1731ರಲ್ಲಿ ನಿಗದಿಯಾದವು. ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಯಕೋಬನ ಪತ್ರದಿಂದ ಬಂದದ್ದು. ಪ್ರೊಟೆಸ್ಟೆಂಟರಲ್ಲಿ ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ರೂಪಕ ಕಥೆ ಮನೆಮನೆಯ ಓದಾಯಿತು. ಅನುಮತಿಯಿಲ್ಲದೆ ಉಪದೇಶ ಮಾಡಿದ್ದಕ್ಕಾಗಿ ಅವನು 12 ವರ್ಷ ಬೆಡ್‌ಫರ್ಡಿನ ಸೆರೆಮನೆಯಲ್ಲಿದ್ದವನು. ಕನ್ನಡಕ್ಕೆ ಆ ಕಥೆ 19ನೆಯ ಶತಮಾನದ ನಡುವೆ ‘ಯಾತ್ರಿಕನ ಸಂಚಾರ’ವಾಗಿ ಬಂತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಶಿಲುಬೆಯನ್ನು ಪುನರುತ್ಥಾನದ ಬೆಳಕಿನಿಂದ ಬಿಡಿಸದೆ ನೆನೆಯುತ್ತವೆ. 1915ರ ನರಮೇಧದಲ್ಲಿ ಸತ್ತ ತನ್ನ ಜನರನ್ನು ಅರ್ಮೇನಿಯನ್ ಸಭೆ 2015ರಲ್ಲಿ ಸಂತರೆಂದು ಸಾರಿತು.

ಟೀಕೆ ಮತ್ತು ಮಿತಿ

ಸಂಕಟಕ್ಕೆ ಅರ್ಥವಿದೆ ಎಂಬ ಮಾತು ದುರ್ಬಳಕೆಯಾದದ್ದೂ ಉಂಟು. ಗುಲಾಮರಿಗೆ ತಾಳ್ಮೆ, ಹೊಡೆತ ತಿನ್ನುವ ಹೆಂಡತಿಗೆ ಸಹನೆ ಬೋಧಿಸಲು ಶಿಲುಬೆಯನ್ನು ಮುಂದಿಟ್ಟವರಿದ್ದಾರೆ. ಜರ್ಮನಿಯ ದೊರೋತೆ ಸೋಲೆ 1973ರಲ್ಲಿ ನೋವಿನ ಬಗೆಗಿನ ತಮ್ಮ ಕೃತಿಯಲ್ಲಿ ಇಂಥ ಬೋಧನೆಯನ್ನು ತೀವ್ರವಾಗಿ ಖಂಡಿಸಿದರು. ಕಪ್ಪು ಅಮೆರಿಕನ್ನರನ್ನು ಮರಕ್ಕೆ ನೇತುಹಾಕಿ ಕೊಂದವರು ಭಾನುವಾರ ಅದೇ ಶಿಲುಬೆಯ ಮುಂದೆ ಪ್ರಾರ್ಥಿಸಿದ ಇತಿಹಾಸವನ್ನು ದೇವತಾಶಾಸ್ತ್ರಜ್ಞ ಜೇಮ್ಸ್ ಕೋನ್ 2011ರಲ್ಲಿ ಎದುರಿಗಿಟ್ಟರು. ಇನ್ನೊಂದು ತುದಿಯಲ್ಲಿ, ನಂಬಿದವರಿಗೆ ಆರೋಗ್ಯ ಐಶ್ವರ್ಯ ಖಚಿತವೆನ್ನುವ ಸಮೃದ್ಧಿಯ ಬೋಧನೆ ಯೋಬನ ಗೆಳೆಯರ ವಾದವನ್ನೇ ತಿರುಗಿಸಿ ಹೇಳುತ್ತದೆ. ಗುಣವಾಗದ ರೋಗಿಗೆ ರೋಗದ ಜೊತೆಗೆ ಅಪರಾಧದ ಭಾರವನ್ನೂ ಹೊರಿಸುತ್ತದೆ.

ಆದ್ದರಿಂದ ಈ ಪರಂಪರೆಯ ವಿವೇಕಿಗಳು ಒಂದು ಗೆರೆ ಎಳೆದಿದ್ದಾರೆ: ನೋವಿನ ಅರ್ಥವನ್ನು ಕಂಡುಕೊಳ್ಳುವ ಹಕ್ಕು ನೊಂದವರದು, ಹೊರಗೆ ನಿಂತು ಅದನ್ನು ವಿಧಿಸುವ ಅಧಿಕಾರ ಯಾರಿಗೂ ಇಲ್ಲ. ಕ್ರೈಸ್ತ ವಿಶ್ವಾಸದಿಂದ ಪ್ರೇರಿತರಾಗಿ 1967ರಲ್ಲಿ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರ್ ಆರೈಕೆಧಾಮ ತೆರೆದ ಸಿಸಿಲಿ ಸಾಂಡರ್ಸ್ ಸಾಯುತ್ತಿರುವವರ ಮೈನೋವಿಗೆ ಹೊತ್ತುಹೊತ್ತಿಗೆ ಔಷಧಿ ಕೊಡಿಸಿದರು. ಅವರ ಮನಸ್ಸಿನ, ಮನೆಯವರ, ಆತ್ಮದ ನೋವನ್ನೂ ಕುಳಿತು ಕೇಳಿದರು. ಯೋಬನ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸ ಮೊದಲ ಏಳು ದಿನ ಸುಮ್ಮನೆ ಪಕ್ಕದಲ್ಲಿ ಕುಳಿತದ್ದು. ಕ್ರೈಸ್ತರ ಆಸ್ಪತ್ರೆ, ಅನಾಥಾಲಯ, ಆರೈಕೆಧಾಮಗಳು ತಮ್ಮ ಉತ್ತಮ ಗಳಿಗೆಗಳಲ್ಲಿ ಆ ಏಳು ದಿನಗಳನ್ನೇ ಮುಂದುವರಿಸುತ್ತ ಬಂದಿವೆ.